ಅವನು ಮಗುಚಿದ ಹರಿವಾಣ

ಹೆಡ್ಮಾಸ್ಟರ್ ಮರಿಸಿದ್ದಯ್ಯನವರು ಸೌತೆಕಾಯಿಯ ಹೋಳನ್ನು ಇನ್ನೇನು ಬಾಯಿಗಿಡಬೇಕು, ಯಾರೋ ಅವರ ಮಣಿಕಟ್ಟು ಹಿಡಿದರು.

ಪಕ್ಕದಲ್ಲಿ ನಿಂತಿದ್ದ ಮಂಜುಶ್ರೀ ಬೆಚ್ಚಿ ತಿರುಗಿದಳು. ಎತ್ತರದ ಆಳು. ಅವಳು ಎಂದೂ ಕಾಣದ ಮುಖ. ಬೆವರಿನಲ್ಲಿ ತೊಯ್ದ ಬಿಳಿ ಶರಟು. ಅವನು ಮೇಷ್ಟ್ರ ಕೈಯಿಂದ ಹೋಳನ್ನು ಕಿತ್ತುಕೊಂಡ. ಒಂದು ಮಾತೂ ಆಡದೆ ಮೇಜಿನ ಮೇಲಿದ್ದ ಹರಿವಾಣ ಎತ್ತಿ, ಕಾಂಪೌಂಡಿನಾಚೆಯ ಗುಂಡಿಗೆ ಮಗುಚಿದ.

ಒಂದನ್ನಲ್ಲ. ಐದನ್ನೂ!

"ಇದ್ನ ಯಾರೂ ತಿಂದಿಲ್ಲ ತಾನೆ?" ಎಂದು ಮಕ್ಕಳ ಸಾಲಿನತ್ತ ನೋಡಿ ಕೇಳಿದ.

ಆ ಐದು ಹರಿವಾಣಗಳಿಗಾಗಿ ಅವಳು ಬೆಳಗಿನ ಜಾವದಿಂದ ನಿಂತೇ ಇದ್ದಳು. ಆತಗೂರು ಹೋಬಳಿಯ ಆ ಸಣ್ಣ ಊರಿನ ಶಾಲೆಗೆ ಅವಳು ಅತಿಥಿ ಶಿಕ್ಷಕಿ. ಮೇಷ್ಟ್ರ ಬೀಳ್ಕೊಡುಗೆಗೆ ಮದ್ದೂರಿನ ಅಡುಗೆಯವರು ಕೇಳಿದ ದರ ಮಕ್ಕಳು ಕೂಡಿಸಿದ್ದ ಹಣದ ಮೂರರಷ್ಟಿತ್ತು. 'ನಾನೇ ಮಾಡ್ತೀನಿ' ಎಂದು ಒಪ್ಪಿಕೊಂಡಿದ್ದಳು. ಬಾಳೆಲೆ ಹಾಸಿದ ಹರಿವಾಣದಲ್ಲಿ ಅಂಗೈಯ ಗುಳಿಯಷ್ಟೇ ಪುಟ್ಟ ಮದ್ದೂರು ವಡೆ, ಕಡ್ಡಿಗೆ ಚುಚ್ಚಿದ ಇಡ್ಲಿ ತುಂಡು, ನಡುವೆ ಪುದೀನ ಚಟ್ನಿ, ಸುತ್ತ ಕಡಲೆಕಾಳು ಉಸಲಿ, ಅಂಚಿಗೆ ಹೂವಿನಂತೆ ಕೊರೆದ ಸೌತೆಕಾಯಿ, ಕ್ಯಾರೆಟ್. ಪಾತ್ರೆ ಬಾಡಿಗೆಯನ್ನೂ ಉಳಿಸಿದ್ದಳು. ತರಕಾರಿ ಬಾಡದಿರಲಿ ಎಂದು ಅಪ್ಪ ಹೊಸದಾಗಿ ಮನೆಗೆ ತಂದಿದ್ದ ನೀಲಿ ಬಕೆಟ್ಟಿನಲ್ಲಿ ಐಸು ನೀರು ತುಂಬಿ ನೆನೆಹಾಕಿ, ಬಕೆಟ್ಟನ್ನೂ ಶಾಲೆಯ ಹಿಂದಕ್ಕೆ ತಂದಿಟ್ಟಿದ್ದಳು.

ಈಗ ಎಲ್ಲವೂ ಮಣ್ಣಿನಲ್ಲಿ.

ಊರವರು ನೋಡುತ್ತ ನಿಂತಿದ್ದರು. ಅವರಲ್ಲಿ ಕೆಲವರು ಆ ಹರಿವಾಣಗಳ ಹತ್ತಿರ ಬಾರದೆ ಆಗಲೇ ದೂರ ಸರಿದಿದ್ದುದನ್ನು ಮಂಜುಶ್ರೀ ಗಮನಿಸಿದ್ದಳು. ಅಂಬೇಡ್ಕರ್ ಬೀದಿಯ ಹುಡುಗಿ ಮಾಡಿದ ತಿಂಡಿ... ಅವಳಿಗೆ ಅದೇನೂ ಹೊಸದಲ್ಲ. ಆದರೆ ಇಷ್ಟು ಬಹಿರಂಗವಾಗಿ, ಇಷ್ಟು ಮಕ್ಕಳೆದುರು?

"ನಮ್ಮ ಕೈ ಮುಟ್ಟಿದ್ದು ಅಂತ ತಾನೆ?" ಎಂದಳು.

ಅವನು ಅವಳನ್ನು ನೋಡಿದ. ಆಮೇಲೆ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದ ಅವಳ ಅಪ್ಪ ನಾಗಯ್ಯನನ್ನು ನೋಡಿದ. ಏನೂ ಹೇಳದೆ ಆ ನೀಲಿ ಬಕೆಟ್ಟನ್ನು ಎತ್ತಿಕೊಂಡು ಹೊರಟುಹೋದ.

ಪಕ್ಕದೂರಿನ ಇಂದ್ರಮ್ಮನ ಮಗ ಮಹದೇವು ಅವನು, ಇದೇ ಶಾಲೆಯಲ್ಲಿ ಓದಿದವನು, ಮದ್ದೂರಿನಲ್ಲಿ ಗೊಬ್ಬರ, ಬೆಳೆ ಔಷಧಿಯ ಅಂಗಡಿ ಇಟ್ಟಿದ್ದಾನೆ, ಜಮೀನಿರುವ ಮನೆತನ ಎಂದು ಯಾರೋ ಹೇಳಿದರು. ಅವಳಿಗೆ ಅಷ್ಟು ಸಾಕಾಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಬೀದಿಯೆಲ್ಲ ಅವಳ ಮನೆ ಮುಂದೆ ಸೇರಿತ್ತು. ಚಿಕ್ಕಪ್ಪನ ಮಗ ರಾಜೇಂದ್ರ ಪೊಲೀಸರಿಗೆ ಕೊಡುವ ದೂರು ಬರೆದು ಮುಗಿಸಿದ್ದ. ಅವಳ ಸಹಿಯೊಂದು ಬಾಕಿ. ಅಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಮೂರು ಸಲ ಕರೆ ಬಂತು. ಮೊದಲ ಸಲ ಎತ್ತಿದಾಗ "ನಾನು ಮಹದೇವು" ಎಂದಿತು ದನಿ. ಅವಳು ಕತ್ತರಿಸಿದಳು. ಆಮೇಲೆ ಎತ್ತಲೇ ಇಲ್ಲ.

ಪೆನ್ನು ಹಿಡಿದಳು. ಎಲ್ಲರ ಬಾಯಿ ಮಾತಾಡುತ್ತಿತ್ತು, ಅಪ್ಪನದೊಂದನ್ನು ಬಿಟ್ಟು. ಗೋಡೆಗೊರಗಿ ಕುಳಿತ ನಾಗಯ್ಯನ ಅಂಗಿ ನೀರಲ್ಲಿ ಅದ್ದಿದಂತೆ ಬೆವರಿನಲ್ಲಿ ನೆನೆದಿತ್ತು.

"ಅಪ್ಪ, ಏನಾಯ್ತು?"

"ಏನಿಲ್ಲ ಬುಡವ್ವ. ವಸಿ ಕಣ್ಣು ಮಂಜಾಯ್ತದೆ, ಬಿಸ್ಲಿಗೆ..."

ಮಾತು ಮುಗಿಯುವ ಮೊದಲೇ ಅವನ ಬಾಯಂಚಿನಿಂದ ಜೊಲ್ಲು ಇಳಿಯಿತು. ತಲೆ ಒಂದು ಕಡೆಗೆ ವಾಲಿತು.

ಅದೇ ಗಳಿಗೆಗೆ ಬೀದಿಯ ತುದಿಯಲ್ಲಿ ಗೂಡ್ಸ್ ಆಟೊ ಬಂದು ನಿಂತಿತು. ಇಳಿದವನು ಮಹದೇವು. ಹುಡುಗರು ಸುತ್ತುವರಿದರು. ರಾಜೇಂದ್ರ ಅವನ ಕೊರಳಪಟ್ಟಿ ಹಿಡಿದ. ಅವನು ಬಿಡಿಸಿಕೊಳ್ಳಲಿಲ್ಲ.

"ಆಮೇಲೆ ವಡೀರಿ, ನಿಂತ್ಕತೀನಿ. ಆ ಬಕೆಟ್‌ನಾಗಿದ್ದುದ್ನ ಯಾರಾದ್ರೂ ತಿಂದವ್ರಾ? ಮೊದ್ಲು ಅದ್ನ ಯೇಳಿ."

ಮಂಜುಶ್ರೀ ಅಪ್ಪನತ್ತ ಓಡಿದಳು. ಬೆಳಿಗ್ಗೆ ಅವಳು ಕೊರೆದು ಬಿಟ್ಟ ತುದಿಗಳನ್ನೆಲ್ಲ, ದಂಡ ಯಾಕೆ ಮಾಡುವುದೆಂದು, ಅಪ್ಪ ಅದೇ ನೀರಿನಲ್ಲಿ ತೊಳೆದು ತೊಳೆದು ತಿಂದಿದ್ದ.

ಆಟೊ ಮಂಡ್ಯದ ದೊಡ್ಡಾಸ್ಪತ್ರೆಯ ದಾರಿ ಹಿಡಿಯಿತು. ಹೆದ್ದಾರಿಯುದ್ದಕ್ಕೂ ಮಂಜುಶ್ರೀ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರನ್ನೇ ಎಣಿಸಿದಳು. ಒಂದು ಉಸಿರು ಬಂದ ಮೇಲೆ ಇನ್ನೊಂದಕ್ಕೆ ಕಾಯುವಷ್ಟರಲ್ಲಿ ಅವಳ ಜೀವವೇ ಹೋಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಹದೇವು ಬಕೆಟ್ಟನ್ನೇ ವೈದ್ಯರ ಮುಂದಿಟ್ಟು, ಅದರಲ್ಲಿ ಮೊದಲು ಇದ್ದ, ಬೆಳೆಗೆ ಹೊಡೆಯುವ ಹುಳುವಿನ ಔಷಧಿಯ ಹೆಸರು ಹೇಳಿದ. ತಡವಿಲ್ಲದೆ ಸೂಜಿ ಬಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಸಂಜೆ, ಐಸಿಯು ಬಾಗಿಲ ಮುಂದಿನ ಬೆಂಚಿನಲ್ಲಿ ಅವಳೇ ಕೇಳಿದಳು.

"ಅಲ್ಲೇ ಯಾಕೆ ಹೇಳಲಿಲ್ಲ?"

ಅವನು ನೆಲ ನೋಡಿಕೊಂಡೇ ಹೇಳಿದ. "ಕೈ ತೊಳೆಯೋಕೆ ಹಿಂದಕ್ಕೆ ಓದೆ. ಆ ಬಕೆಟ್‌ನಿಂದ ಔಷ್ದಿ ವಾಸ್ನೆ ಬಂತು. ಅಷ್ಟು ಜನದ ಮುಂದೆ ವಿಸ ಅಂತ ಒಂದು ಮಾತು ಅಂದಿದ್ರೆ, ನಿಮ್ಮನೆ ನೀರ್ನೂ ಯಾರೂ ಕುಡೀತಿರ್ಲಿಲ್ಲ. ನೆಪಕ್ಕೇ ಕಾಯ್ತಾ ಇರೋ ಜನ. ನನ್ನ ಬೇಕಾದ್ರೆ ಬಯ್ಕಳ್ಳಿ ಅನ್ಕಂಡೆ."

ಅವಳ ಕಣ್ಣು ತುಂಬಿತು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ.

"ಅದು ಅರ್ಧ ನಿಜ. ನಮ್ಮಂಗ್ಡಿ ಆ ಖಾಲಿ ಬಕೆಟ್ಟು ನಾಗಯ್ಯಣ್ಣಂಗೆ ಕೊಟ್ಟೋನೇ ನಾನು. ಮೂರು ದಿನದ ಹಿಂದೆ. ಮನೆಗಾಯ್ತದೆ ಇಟ್ಕೊ ಅಂತ. ನನ್ನ ತಪ್ಪು ಆಚೆ ಬತ್ತದೆ ಅಂತ್ಲೂ ಎದ್ರುಕಂಡೆ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಮುಚ್ಚಿಡಬಹುದಾಗಿದ್ದ ಅರ್ಧವನ್ನು ತಾನಾಗಿ ತೆರೆದಿಟ್ಟವನನ್ನು ದ್ವೇಷಿಸಲು ಅವಳಿಂದಾಗಲಿಲ್ಲ.

ದೂರಿನ ಕಾಗದವನ್ನು ಅವಳು ಹರಿದುಹಾಕಿದಳು. ಮುಂದಿನ ಸೋಮವಾರ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ನಿಂತು, ಬಕೆಟ್ಟಿನ ಸಂಗತಿಯನ್ನು ಎಲ್ಲರೆದುರು ತಾನೇ ಹೇಳಿದಳು. ಮರಿಸಿದ್ದಯ್ಯನವರು ಬೇಡವೆಂದಿದ್ದರು. ಸುಳ್ಳಿನ ಮರೆಯಲ್ಲಿ ಉಳಿಯುವ ಮರ್ಯಾದೆ ತನ್ನ ಮನೆಗೆ ಬೇಡ ಎಂದಳು. ಮಹದೇವು ತನ್ನ ಪಾಲಿನ ತಪ್ಪನ್ನೂ ಅಲ್ಲೇ ಒಪ್ಪಿಕೊಂಡ. ಅವತ್ತಿನಿಂದ ಅವನ ಅಂಗಡಿಯ ಖಾಲಿ ಡಬ್ಬಗಳಿಗೆಲ್ಲ, ಯಾರೂ ಮತ್ತೆ ಬಳಸದಂತೆ, ತೂತು ಬಿತ್ತು.

ಹೇಳಿದ್ದರಿಂದ ಎಲ್ಲ ಸರಿಹೋಗಲಿಲ್ಲ. ಅವಳು ನೀರು ಕೊಟ್ಟರೆ ಮೂಸಿ ನೋಡುವವರು ಹುಟ್ಟಿಕೊಂಡರು. ಆಸ್ಪತ್ರೆಗೆ ದಿನವೂ ಗಂಜಿ ತಂದು, ಸಂಜೆವರೆಗೂ ಅವಳೊಡನೆ ಮಾತಾಡುತ್ತ ಕೂರುತ್ತಿದ್ದ ಮಹದೇವುವಿನ ಆಟೊವನ್ನು ದೂರದಿಂದ ಒಂದು ಬೈಕು ಹಿಂಬಾಲಿಸತೊಡಗಿತು. ಮೊದಲ ದಿನ ಅವಳಿಗೆ ಅದು ಭ್ರಮೆ ಎನಿಸಿತು. ಮೂರನೆಯ ದಿನ ಬೈಕಿನ ಮೇಲಿದ್ದವನು ಅವಳನ್ನು ನೋಡಿ ನಕ್ಕ.

ನಾಗಯ್ಯನನ್ನು ಮನೆಗೆ ಕಳಿಸುವ ದಿನ, ಆಸ್ಪತ್ರೆಯ ಬೇವಿನ ಮರದಡಿ ಅವಳು ಮಹದೇವುವನ್ನು ತಡೆದಳು.

"ನಾಳೆಯಿಂದ ನಮ್ಮ ಬೀದಿಗೆ ಬರಬೇಡಿ. ನಿಮ್ಮ ದೊಡ್ಡಪ್ಪನ ಮಕ್ಕಳು ನಿನ್ನೆ ರಾಜೇಂದ್ರನ್ನ ಅಡ್ಡ ಹಾಕಿ, ನೀವು ನಮ್ಮ ಜೊತೆ ಯಾಕೆ ಓಡಾಡ್ತೀರಿ ಅಂತ ಕೇಳಿದ್ದಾರೆ."

"ಗೊತ್ತು. ನನ್ನೂ ಕೇಳುದ್ರು."

"ಏನಂದ್ರಿ?"

ಅವನು ಅತ್ತಿತ್ತ ನೋಡಿದ. ಗೇಟಿನಾಚೆ ಆ ಬೈಕು ನಿಂತೇ ಇತ್ತು.

"ಮಂಜುಶ್ರೀನ ಮದ್ವೆ ಆಯ್ತೀನಿ ಅಂದೆ. ನಿಮ್ಮನ್ನ ಕೇಳೋಕ್ ಮುಂಚೆನೇ ಅವ್ರಿಗೆ ಯೇಳ್ಬುಟ್ಟೆ. ಅದು ತಪ್ಪೇ."

ಸಂತೋಷವೋ ಭಯವೋ... ಎರಡನ್ನೂ ಬೇರೆ ಮಾಡಲು ಅವಳಿಗೆ ಬರಲಿಲ್ಲ.

"ಹೆದರಿಕೆ ಆಗಲ್ವಾ ನಿಮಗೆ?"

"ಆಯ್ತದೆ."

"ನಂಗೂ ಆಗುತ್ತೆ," ಎಂದಳು. ಆದರೂ ಒಂದು ಹೆಜ್ಜೆ ಹತ್ತಿರ ಬಂದಳು. ಗೇಟಿನ ಕಡೆ ಬೆನ್ನು ಮಾಡಿ ನಿಂತಳು. "ಅವರಿಗೆ ಹೇಳಿದ್ದನ್ನ ಈಗ ನಂಗೆ ಹೇಳಿ."

ಅವನು ಹೇಳಿದ. ಮೆಲ್ಲಗೆ, ಅವಳ ಕಣ್ಣನ್ನೇ ನೋಡುತ್ತ, ಒಂದಕ್ಷರವನ್ನೂ ನುಂಗದೆ.

"ಹ್ಞೂಂ," ಎಂದಳು ಮಂಜುಶ್ರೀ.