ಐದನೇ ಹಾಡಿನ ಹಿಂದಿನ ಮೌನ

ಬಿಳಿ ಕವರಿನೊಳಗೆ ಕೈ ಹಾಕಿದರೆ ಸಿಕ್ಕಿದ್ದು ಬರೀ ಗಾಳಿ. ಟೇಪಕ್ಕ ಕವರನ್ನು ತಲೆಕೆಳಗು ಮಾಡಿ ಕೊಡವಿದಳು. ಕಪಾಟನ್ನೆಲ್ಲ ಜಾಲಾಡಿದಳು. ಹಾಡಜ್ಜಿಯ ರೆಕಾರ್ಡು ಇರಲಿಲ್ಲ. ಉಳಿದಿದ್ದದ್ದು ಅದೊಂದೇ ಪ್ರತಿ.

ಧ್ವನಿ ಸಂಗ್ರಹಾಲಯದಲ್ಲಿ ಹಳೇ ರೆಕಾರ್ಡು, ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ಫೈಲಾಗಿ ಇಳಿಯುತ್ತದೆ. ಆಮೇಲೆ ಹಾಡು ಮುಗಿದಲ್ಲೆಲ್ಲ ಗುರುತು ಹಾಕಿ ಬೇರೆ ಬೇರೆ ಟ್ರ್ಯಾಕ್ ಮಾಡಬೇಕು. ಫೈಲಾದರೂ ಇದೆಯಲ್ಲ ಎಂದುಕೊಂಡು ಕಂಪ್ಯೂಟರ್ ತೆರೆದಳು. ಶುಕ್ರವಾರ ಆರು ಟ್ರ್ಯಾಕ್ ಮಾಡಿಟ್ಟಿದ್ದಳು. ಈಗ ಐದೇ ಇದ್ದವು. ಇಡೀ ಬದಿಯ ಫೈಲಿನಲ್ಲೂ ಐದೇ ಹಾಡು. ವಾರದ ಕೊನೆಗೆ ತಾನಾಗಿ ಆಗುವ ಬ್ಯಾಕಪ್ಪಿನಲ್ಲೂ ಅಷ್ಟೇ.

ಮಾಯವಾಗಿದ್ದು ಐದನೆಯದು, ‘ಬಾಗಿಲು ತೆರೆದೇ ಇದೆ’. ಐವತ್ತು ವರ್ಷದ ಹಿಂದೆ ಹಾಡಜ್ಜಿ ತಾನೇ ಕಟ್ಟಿ ಹಾಡಿದ್ದು. ಹತ್ತು ವರ್ಷ ಬಿಟ್ಟು ಒಬ್ಬ ದೊಡ್ಡ ಸಂಗೀತಗಾರ ಅದನ್ನು ತನ್ನದೆಂದು ಹಾಡಿ ಹೆಸರು ಮಾಡಿದ್ದ. ಹಾಡು ಯಾರದೆಂದು ತೀರ್ಮಾನಿಸಲು ಇವತ್ತು ಮೂರು ಗಂಟೆಗೆ ಸಮಿತಿ ಕೂರುವುದಿತ್ತು. ಅಜ್ಜಿಯ ಪರ ಇದ್ದ ಸಾಕ್ಷಿ ಈ ರೆಕಾರ್ಡೊಂದೇ.

ಮುಖ್ಯಸ್ಥರು ಬಂದರು. ಇಪ್ಪತ್ತು ವರ್ಷ ರೇಡಿಯೋದಲ್ಲಿ ಉದ್ಘೋಷಕರಾಗಿದ್ದವರು. ಅವರು ಬೈದರೂ ಕೇಳಲು ಇಂಪು.

“ಇದ್ದಿದ್ದೇ ಐದಮ್ಮಾ. ನೀನೇ ತಪ್ಪು ಎಣಿಸಿದ್ದೀಯ.”

“ಆರು ಸಾರ್. ಕಿವಿಯಾರೆ ಕೇಳಿದ್ದೀನಿ.”

“ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡು. ಮುಗಿಸಿಬಿಡೋಣ.”

“ಬರೆಯಲ್ಲ.”

“ಹಾಗಾದ್ರೆ ರೆಕಾರ್ಡು ಕಳೆದಿದ್ದೂ ನಿನ್ನ ತಲೆಗೇ ಬರುತ್ತೆ.”

“ಬರಲಿ ಸಾರ್. ಇದ್ದ ಹಾಡನ್ನ ಇರಲಿಲ್ಲ ಅಂತ ಈ ಕೈ ಬರೆಯಲ್ಲ.”

* * *

ಕಪಾಟಿನ ಕೀಲಿ ಇದ್ದದ್ದು ಮೂವರ ಹತ್ತಿರ. ಅವಳು, ಮುಖ್ಯಸ್ಥರು, ಉಗ್ರಾಣ ನೋಡಿಕೊಳ್ಳುವ ಬೀಗಣ್ಣ. ಶನಿವಾರ ಬೀಗಣ್ಣ ಒಂದು ಚಪ್ಪಟೆ ಪೊಟ್ಟಣವನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿದ್ದನ್ನು ಗೇಟಿನ ಕಾವಲುಗಾರ ನೋಡಿದ್ದ.

“ಪೊಟ್ಟಣದಲ್ಲಿ ಏನಿತ್ತು ಬೀಗಣ್ಣ?”

ಅವನು ಬೆವರು ಒರೆಸಿಕೊಂಡ. “ದುಂಡಗಿರೋದು ಒಂದು...”

“ಏನದು ದುಂಡಗಿರೋದು?”

“ಗೋಡೆ ಗಡಿಯಾರ ಅಕ್ಕಾ! ನಿಂತುಹೋಗಿತ್ತಲ್ಲ, ರಿಪೇರಿಗೆ ಒಯ್ದೆ. ಯಾರನ್ನೂ ಕೇಳಿರಲಿಲ್ಲ, ಅದಕ್ಕೇ ಭಯ.”

ಟೇಪಕ್ಕ ಗೋಡೆ ನೋಡಿದಳು. ಎರಡು ವರ್ಷದಿಂದ ಹತ್ತೂವರೆಯಲ್ಲೇ ಬೇರು ಬಿಟ್ಟಿದ್ದ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ನಗು ಬಂತು. ಆದರೆ ಬೀಗಣ್ಣ ಮೆಲ್ಲಗೆ ಇನ್ನೊಂದು ಮಾತು ಹೇಳಿದ.

“ಆ ದೊಡ್ಡ ಸಂಗೀತಗಾರರು ನಮ್ಮ ಮುಖ್ಯಸ್ಥರ ಹೆಂಡತಿಯ ತಂದೆ. ಗೊತ್ತಿತ್ತಾ ನಿಮಗೆ?”

ಗೊತ್ತಿರಲಿಲ್ಲ. ಆದರೆ ನೆಂಟಸ್ತನವೇನೂ ಸಾಕ್ಷಿಯಲ್ಲವಲ್ಲ. ಅವಳು ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಟ್ರ್ಯಾಕ್ ತೆರೆದಳು. ಮೊದಲ ಮೂರು ಅವಳು ಕತ್ತರಿಸಿಟ್ಟ ಹಾಗೇ ಇದ್ದವು. ನಾಲ್ಕನೆಯದಕ್ಕೆ ಬಂದಾಗ ಹುಬ್ಬೇರಿತು. ಐದನೆಯದರ ಶುರುವನ್ನು ಪರದೆಯ ಮೇಲೆ ಹಿಗ್ಗಿಸಿದಳು. ದನಿ ಏರಿಸಿದಳು. ಮತ್ತೆ ಕೇಳಿದಳು.

“ಸಿಕ್ಕಿಬಿದ್ದೆಯಾ!” ಎಂದಳು ಖಾಲಿ ಕೋಣೆಗೆ.

* * *

ಮೂರು ಗಂಟೆ. ಸಮಿತಿಯ ಮೂವರು ಮೇಜಿನ ಆಚೆ, ಹಾಡಜ್ಜಿ ಈಚೆ, ಮುಖ್ಯಸ್ಥರು ಬಾಗಿಲ ಪಕ್ಕ, ಬೀಗಣ್ಣ ಮೂಲೆಯಲ್ಲಿ.

“ಇವರ ಕೈತಪ್ಪಿಗೆ ಸಂಸ್ಥೆಯ ಪರವಾಗಿ ವಿಷಾದಿಸುತ್ತೇನೆ,” ಎಂದರು ಮುಖ್ಯಸ್ಥರು.

“ವಿಷಾದ ಆಮೇಲೆ ಸಾರ್, ಮೊದಲು ಇದನ್ನ ಕೇಳಿ,” ಎಂದು ಟೇಪಕ್ಕ ಸ್ಪೀಕರ್ ಹಚ್ಚಿದಳು. “ಹಾಡು ಹಾಡಿನ ನಡುವಿನ ಮೌನವನ್ನ ನಾನು ಯಾವಾಗಲೂ ಮುಗಿದ ಹಾಡಿನ ಕೊನೆಗೆ ಸೇರಿಸ್ತೀನಿ. ಒತ್ತಿದ ತಕ್ಷಣ ಮುಂದಿನ ಹಾಡು ಶುರುವಾಗಬೇಕು. ಈ ನಾಲ್ಕನೆಯದರ ಕೊನೆಗೆ ಮೌನವೇ ಇಲ್ಲ. ಈಗ ಐದನೆಯದಾಗಿರೋ, ಮೊದಲು ಆರನೆಯದಾಗಿದ್ದ ಹಾಡಿನ ತಲೆ ಮೇಲೆ ನಾಲ್ಕು ಸೆಕೆಂಡ್ ಮೌನ. ಹಾಡಿಗೆ ಮೊದಲು ಮಾತಾಡೋಕೆ ಜಾಗ ಬಿಡೋರು ಉದ್ಘೋಷಕರು. ಇಲ್ಲಿ ಉದ್ಘೋಷಕರಾಗಿದ್ದವರು ಒಬ್ಬರೇ.”

“ಅಭ್ಯಾಸ ಸಾಕ್ಷಿಯಾಗುತ್ತಾ?” ಮುಖ್ಯಸ್ಥರ ದನಿ ಮೊದಲ ಸಲ ಒಡೆಯಿತು.

“ಆಗಲ್ಲ. ಆ ಮೌನದ ಒಳಗಿರೋದು ಆಗುತ್ತೆ. ರೆಕಾರ್ಡಿನ ಗೆರೆಗಳು ಒತ್ತೊತ್ತಾಗಿರುತ್ತವೆ. ಪಕ್ಕದ ಗೆರೆಯ ಜೋರು ದನಿ ಈಚಿನ ಗೆರೆಯಲ್ಲೂ ಸಣ್ಣಗೆ ಮೂಡಿರುತ್ತೆ. ಹಾಗಾಗಿ ಹಾಡು ಶುರುವಾಗೋಕೆ ಒಂದು ಸುತ್ತು ಮೊದಲೇ ಅದರ ಎಳೆ ಕೇಳಿಸುತ್ತೆ. ಇವರು ಹಾಡನ್ನ ಕತ್ತರಿಸಿದರು. ಅದಕ್ಕೂ ಹಿಂದಿನ, ಅದು ಶುರುವಾಗೋಕೆ ಮೊದಲಿನ ಮೌನವನ್ನ ಖಾಲಿ ಅಂದುಕೊಂಡು ಉಳಿಸಿದರು.”

ದನಿ ಪೂರ್ತಿ ಏರಿಸಿದಳು. ಸರಸರ ಸದ್ದು. ಅದರ ನಡುವೆ, ಎಲ್ಲೋ ದೂರದ ಕೋಣೆಯಲ್ಲಿ ಹಾಡಿದ ಹಾಗೆ ಒಂದು ಎಳೆಯ ಹೆಣ್ಣುದನಿ: *ಬಾಗಿಲು ತೆರೆ...*

ಅಷ್ಟೇ. ತಕ್ಷಣ ಬೇರೆಯೇ ಹಾಡು ಶುರುವಾಯಿತು.

“ಎಳೆ ಒಂದು ಹಾಡಿಂದು, ಬಂದಿದ್ದು ಇನ್ನೊಂದು. ನಡುವಿನದು ಎಲ್ಲಿ ಸಾರ್?”

ಮುಖ್ಯಸ್ಥರು ನೆಲ ನೋಡಿದರು. “ಮಾವನವರ ಹೆಸರು ಉಳಿಸಬೇಕಿತ್ತು. ರೆಕಾರ್ಡು ಕಾರಿನಲ್ಲಿದೆ. ಒಡೆಯೋಕೆ ಕೈ ಬರಲಿಲ್ಲ.”

ಬೀಗಣ್ಣ ಓಡಿಹೋಗಿ ತಂದ. ಟೇಪಕ್ಕ ಧೂಳು ಒರೆಸಿ, ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು, ಮುಳ್ಳನ್ನು ಐದನೇ ಹಾಡಿನ ಅಂಚಿಗೆ ಹಿಡಿದಳು.

ಮುಖ್ಯಸ್ಥರು ಬಾಗಿಲ ಹಿಡಿಗೆ ಕೈ ಹಾಕಿದರು.

“ಎಲ್ಲಿಗಪ್ಪಾ?” ಎಂದಳು ಹಾಡಜ್ಜಿ, ಕೂತಲ್ಲಿಂದಲೇ. “ನಲವತ್ತು ವರ್ಷ ನೀವೆಲ್ಲ ನನ್ನನ್ನ ಸುಳ್ಳಿ ಅಂದ್ರಿ. ಕೂತ್ಕೋ. ಪೂರ್ತಿ ಕೇಳಿ ಹೋಗು.”