ಅಪ್‌ಲೋಡ್ ಆಗದ ವರನ ವಿಡಿಯೋ

"ನನ್ನ ವಿಡಿಯೋ ನಿಮ್ಮ ವೆಬ್‌ಸೈಟ್‌ನ್ಯಾಗ ಹೋಗವಲ್ದ್ರಿ..."

ಆ ದನಿ ಕೇಳಿ ಸುಗಂಧಾಳ ಕೈ ಕೀಬೋರ್ಡ್ ಮೇಲೆಯೇ ನಿಂತಿತು. ತಲೆ ಎತ್ತಿದಳು. ಸಂಗ್ರಾಮ!

ಎರಡು ವರ್ಷದ ಹಿಂದೆ ತಾಯಿಯ ಜೊತೆ ಅವಳನ್ನು ನೋಡಲು ಬಂದು, ಅವಲಕ್ಕಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ "ಇನ್ನೊಂಚೂರು ಹಾಕ್ರಿ" ಎಂದು ನಕ್ಕು, ಅವಳ ಮನಸ್ಸನ್ನು ಕದ್ದುಕೊಂಡು ಹೋದವನು. ಹೋದವನು ಹೋದನೇ! ಒಂದು ಮಾತಿಲ್ಲ, ಕತೆಯಿಲ್ಲ.

ಅವನ ಹಾದಿ ಕಾದು ಸಾಕಾಗಿ, ಮದುವೆಯ ಹೆಸರೇ ಎತ್ತಬೇಡಿ ಎಂದು ಮನೆಯಲ್ಲಿ ಹೇಳಿ, ನಿಪ್ಪಾಣಿಯ ಈ ವಧು-ವರ ಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಊರವರಿಗೆಲ್ಲ ಜೋಡಿ ಹುಡುಕಿಕೊಡುವ ಕೆಲಸ ಇವಳ ಪಾಲಿಗೇ ಬರಬೇಕೇ?

ಅವನೂ ಅವಳನ್ನು ಗುರುತು ಹಿಡಿದ. "ನೀವು... ಇಲ್ಲಿ?"

"ಕೆಲಸಾ ಮಾಡ್ತೀನ್ರಿ. ಪೆನ್‌ಡ್ರೈವ್ ಕೊಡ್ರಿ."

ಬರುವ ಭಾನುವಾರ ಕೇಂದ್ರದ ೨೦೧೩ರ ಮೇಳಾವಾ, ವಧು-ವರರ ಸಮಾವೇಶ. ವರನ ವಿಡಿಯೋ ಇವತ್ತೇ ವೆಬ್‌ಸೈಟ್‌ಗೆ ಏರದಿದ್ದರೆ ಹೆಣ್ಣಿನ ಕಡೆಯವರು ನೋಡುವಂತಿಲ್ಲ. ಏರಿತೋ, ಅವನು ಬೇರೆ ಯಾರದೋ ಪಾಲು.

ವಿಡಿಯೋ ಹಾಕಿದಳು. ಕೆಂಪು ಅಕ್ಷರ ಮೂಡಿತು: ಫೈಲ್ ದೊಡ್ಡದಾಗಿದೆ.

"ಕಾಕಾನ ಮಗ ಮದಿವಿ ಶೂಟಿಂಗ್ ಮಾಡೋ ದೊಡ್ಡ ಕ್ಯಾಮೆರಾದಾಗ ಹಿಡದಾನ್ರಿ, ಅದಕ್ಕ..." ಸಂಗ್ರಾಮ ತಪ್ಪು ಮಾಡಿದವನಂತೆ ತಡವರಿಸಿದ.

ಸರ್ವರ್ ಸೆಟ್ಟಿಂಗ್ ತೆರೆದು, ಫೈಲಿನ ಮಿತಿಯನ್ನು ಎಂಟು ಎಂಬಿಯಿಂದ ನೂರಕ್ಕೆ ಏರಿಸಿದಳು. ಮತ್ತೆ ಅದೇ ಕೆಂಪು ಅಕ್ಷರ! ಯಾಕೆಂದು ಅವಳಿಗೆ ಗೊತ್ತಿತ್ತು. ಫೈಲಿನ ಮಿತಿ ಬೇರೆ, ಅರ್ಜಿಯ ಜೊತೆ ಒಟ್ಟಾಗಿ ಹೋಗುವುದರ ಮಿತಿ ಬೇರೆ. ಎರಡನ್ನೂ ಏರಿಸಬೇಕು.

'ಆಗುವುದಿಲ್ಲ ಅಂದುಬಿಡಲೇ? ಇವನಿಗೇನು ತಿಳಿಯುತ್ತದೆ...'

"ಆಗತೈತೇನ್ರಿ?"

ಸುಳ್ಳಾಡಲು ನಾಲಿಗೆ ಏಳಲಿಲ್ಲ. ಬೇಡವೆಂದು ಹೋದವನನ್ನು ಸುಳ್ಳು ಹೇಳಿ ಹಿಡಿದಿಟ್ಟುಕೊಂಡು ಏನು ಸುಖ?

"ಆಗತೈತ್ರಿ" ಎಂದು ಎರಡನೆಯ ಮಿತಿಯನ್ನೂ ಏರಿಸಿದಳು. ಹಸಿರು ಪಟ್ಟಿ ಮೆಲ್ಲಗೆ ತೆವಳತೊಡಗಿತು. ಅವಳ ಕಣ್ಣು ತುಂಬಿ ಬಂತು.

"ಅಳಾಕತ್ತೀರೇನ್ರಿ?"

"ಇಲ್ರಿ... ಚಲೋ ಹುಡುಗಿ ಸಿಗ್ಲಿ ನಿಮಗ. ಆದ್ರ ಆಕೀಗಾದ್ರೂ ಒಂದ ನಿರೋಪ ಕಳಸ್ರಿ. ಬ್ಯಾಡಂದ್ರ ಬ್ಯಾಡಂತ ಹೇಳಿ ಕಳಸ್ರಿ. ನನ್ನಂಗ ಬಾಗಲಾ ನೋಡಕೋತ ಕೂಡಸಬ್ಯಾಡ್ರಿ!"

ಸಂಗ್ರಾಮ ಬೆಪ್ಪಾದ.

"ನಿರೋಪ? ನಿಮ್ಮ ಮಂದಿ ಮನಿ ನೋಡಾಕ ಬರಬೇಕಿತ್ತಲ್ರಿ! ನಮ್ಮ ದಿಗ್ಗೇವಾಡ್ಯಾಗ ಹೆಣ್ಣಿನವ್ರು ಮನಿ ನೋಡಾಕ ಬಂದ್ರನ ಒಪ್ಪಿಗಿ. ನಮ್ಮವ್ವ ಗ್ವಾಡಿಗೆ ಸುಣ್ಣಾ ಬಳದು, ದಿನಾ ಕಟ್ಟಿ ಮ್ಯಾಲ ಕುಂತು ಹಾದಿ ನೋಡ್ತಿದ್ಲು. ನೀವು ಬರಲೇ ಇಲ್ಲ..."

"ನಮ್ಮಲ್ಲಿ ಹಂಗಲ್ರಿ... ಗಂಡಿನವ್ರ ನಿರೋಪ ಬರೋತನಕ ಹೆಣ್ಣಿನವ್ರು ಹೊಸ್ತಿಲಾ ದಾಟಂಗಿಲ್ಲ. ಅಪ್ಪಾನೂ ಕಾದಾ, ಕಾದಾ..."

ಯಾರೂ ಯಾರನ್ನೂ ಬೇಡವೆಂದಿರಲಿಲ್ಲ! ಎರಡೂ ಮನೆಯವರು ತಂತಮ್ಮ ರೀತಿ ಬಿಡದೆ ಸುಮ್ಮನೆ ಕಾದು ಕೂತಿದ್ದರು.

"ಅವ್ವಾರು... ಆರಾಮ ಅದಾರ್ರಿ?"

ಸಂಗ್ರಾಮ ತಲೆ ತಗ್ಗಿಸಿದ. "ಹ್ವಾದ ವರ್ಷ ತೀರಿಕೊಂಡ್ಲು. ದವಾಖಾನ್ಯಾಗ ಮಲಗಿದ್ರೂ 'ನಿಪ್ಪಾಣಿಯವ್ರು ಬಂದ್ರೇನೋ?' ಅಂತ ಕೇಳ್ತಿದ್ಲು."

ಸುಗಂಧಾ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಒಂದೇ ಒಂದು ಸಲ ಕಂಡಿದ್ದ ಆ ತಾಯಿ, ಸಾಯುವಾಗಲೂ ತನ್ನ ಹಾದಿ ಕಾದಳಲ್ಲ! ಆ ದುಃಖಕ್ಕೆ ಸಮಾಧಾನ ಎಲ್ಲಿಂದ ತರುವುದು?

ಅಷ್ಟರಲ್ಲಿ ಪರದೆಯಲ್ಲಿ ಪಟ್ಟಿ ತುಂಬಿತು. ವಿಡಿಯೋ ಸೇರಿಸಲಾಗಿದೆ.

"ಅದನ್ನ ತಗದಬಿಡ್ರಿ" ಎಂದ ಸಂಗ್ರಾಮ.

"ಇಷ್ಟ ತ್ರಾಸ್ ತಗೊಂಡು ಹಾಕೀನಿ..."

"ಬ್ಯಾರೆ ಯಾರಾದ್ರೂ ನೋಡಿ ಒಪ್ಪಿಬಿಟ್ರ?"

ಅಳುವಿನ ನಡುವೆಯೇ ಅವಳ ತುಟಿಯಲ್ಲಿ ನಗೆ ಸುಳಿಯಿತು. ವಿಡಿಯೋ ಅಳಿಸಿದಳು. ಆಮೇಲೆ ಅವನ ಮುಖವನ್ನೇ ನೇರವಾಗಿ ನೋಡಿ ಕೇಳಿದಳು.

"ಮನಸ ಐತೇನ್ರಿ?"

"ಆವತ್ತಿಂದನ ಐತ್ರಿ."

"ಆವತ್ತ ನನಗ ಹೇಳಬಾರದಿತ್ತೇನ್ರಿ?"

"ಹಿರ್ಯಾರು ಮಾತಾಡ್ತಾರಂತ ಸುಮ್ನಿದ್ದೆ... ತಪ್ಪಾತು."

"ನಾನೂ ಸುಮ್ನಿದ್ದೆ. ನಂದೂ ತಪ್ಪೈತಿ." ಸುಗಂಧಾ ಕಣ್ಣೊರೆಸಿಕೊಂಡು ಎದ್ದು ನಿಂತಳು. "ನಾಳೆ ಅಪ್ಪಾನ ಕರಕೊಂಡ ದಿಗ್ಗೇವಾಡಿಗೆ ಬರ್ತೀನ್ರಿ."

"ಖರೇನ ಬರ್ತೀರಿ?"

"ಬರ್ತೀನ್ರಿ. ಅವ್ವನ ಫೋಟೋದ ಮುಂದ ಕುಂತು, ತಡಾ ಆತವ್ವಾ, ಆದ್ರೂ ಬಂದೀನಿ ಅಂತ ಹೇಳ್ತೀನಿ."