ಗೀಸರಿಗೆ ಕಟ್ಟಿದ ಹಾಗಲಬಳ್ಳಿ

ನಂಬದಿದ್ದರೆ ಚಾಮರಾಜನಗರಕ್ಕೆ ಬನ್ನಿ, ನಮ್ಮ ಫ್ಲಾಟಿನ ಸೀಲಿಂಗೇ ಸಾಕ್ಷಿ ಹೇಳುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯ ಕುತ್ತಿಗೆಗೆ ಹಾಗಲಬಳ್ಳಿ ಕಟ್ಟಬೇಕು. ನಮಗೆ ಹಂಡೆಯಿಲ್ಲ. ತಮಾಷೆಗೆ ಗೀಸರಿಗೇ ಬಳ್ಳಿ ಸುತ್ತಿ, ದಾರ ಸಿಗದೆ ನನ್ನ ಕೆಂಪು ಶೂ ಲೇಸಿನಲ್ಲಿ ಬಿಗಿದೆ.

"ಥೂ, ಗಂಗಮ್ಮಂಗೆ ಶೂ ಲೇಸಾ? ಒಳ್ಳೇದಾಗಕಿಲ್ಲ ಕಣ್ರೀ," ಎಂದಳು ಹೆಂಡತಿ ನಯನಾ.

"ಹೆಸ್ರಲ್ಲೇ ಲೇಸು ಅದೆ, ಬುಡು."

ಮಧ್ಯಾಹ್ನ ಬಚ್ಚಲಿನ ಸೀಲಿಂಗಿನಿಂದ ನೀರು ಸುರಿಯತೊಡಗಿತು. ಬಿಸಿನೀರು, ಸೀಗೆಕಾಯಿಯ ವಾಸನೆ ಬೇರೆ. ಮೇಲಿನ ಮನೆಯ ಚಿಕ್ಕಮಲ್ಲಮ್ಮ ತೀರಿಕೊಂಡ ಮೇಲೆ ಅಲ್ಲಿ ಬೀಗ. ಅವರ ಮಗ ಗುಟ್ಟಾಗಿ ಯಾರನ್ನೋ ಇಟ್ಟಿದ್ದಾನೆಂದು ನನಗೆ ಅನುಮಾನ.

"ಸಂಜೆಯೊಳ್ಗೆ ಇದು ನಿಲ್ದಿದ್ರೆ ಗುಂಡ್ಲುಪೇಟೆಗೆ, ನಮ್ಮವ್ವನ ಮನೆಗೆ ಒಂಟೋಯ್ತೀನಿ. ತಿರ್ಗಾ ಬರಕಿಲ್ಲ," ಎಂದು ನಯನಾ ಬ್ಯಾಗು ತೆಗೆದಳು.

ಪ್ಲಂಬರ್ ರಿಯಾಜ್ ಬಂದು ತಲೆ ಕೆರೆದುಕೊಂಡ. "ಸಾರ್, ಆ ಮನೆ ಲೈನು ನಾನೇ ಕಟ್ ಮಾಡಿವ್ನಿ. ನೀರು ಎಲ್ಲಿಂದ ಬತ್ತದೆ?"

"ಕದ್ದು ಯಾರೋ ಅವ್ರೆ ಕಣಯ್ಯಾ, ನಡಿ."

ಅಸೋಸಿಯೇಷನ್ನಿನವರ ಕೀಲಿಯಿಂದ ಬಾಗಿಲು ತೆಗೆದೆವು. ನೆಲದ ಧೂಳಿನಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ಬಚ್ಚಲಿನಲ್ಲಿ ಮುದುಕಿಯ ತಾಮ್ರದ ಹಂಡೆ ತುಂಬಿ ಹೊರಚೆಲ್ಲಿ ಹಬೆಯಾಡುತ್ತಿತ್ತು. ಅದರ ಕುತ್ತಿಗೆಯಲ್ಲಿ ಅರಿಶಿನದ ದಾರದಿಂದ ಕಟ್ಟಿದ ಹಾಗಲಬಳ್ಳಿ. ಪಕ್ಕದ ಗೂಟದಲ್ಲಿ ನನ್ನ ಕೆಂಪು ಲೇಸನ್ನು ತೊಳೆದು, ಹಿಂಡಿ, ಒಣಗಲು ಹಾಕಿತ್ತು.

ಕೆಳಗೆ ಓಡಿಬಂದರೆ ಗೀಸರು ಬೋಳಾಗಿತ್ತು. ನೀರು ನಿಂತಿತ್ತು. ನಯನಾ ನಿಲ್ಲಲಿಲ್ಲ.

ಹಬ್ಬ ಮುಗಿದು ಬೇಸಿಗೆ ಬಂದಿದೆ. ಆ ಲೇಸು ನಮ್ಮ ಬಾಲ್ಕನಿಯ ಬಿಸಿಲಿನಲ್ಲೇ ಇದೆ. ಇನ್ನೂ ಒಣಗಿಲ್ಲ.